ಪಂಚಮಹಾಶಬ್ದ: ಬಿರುದೋ, ವಾದ್ಯವೋ?

ಕನ್ನಡ ಶಾಸನಗಳ ಅಧ್ಯಯನಕ್ಕೆ ತೊಡಗಿದ ವಿದ್ಯಾರ್ಥಿಗೆ ಬಹುಬೇಗನೆ ಪರಿಚಯವಾಗುವ ಸಮಾಸಪದಗಳಲ್ಲಿ ‘ಸಮಧಿಗತಪಂಚಮಹಾಶಬ್ದ’ ಎಂಬುದು ಒಂದು. ‘ಸ್ವಸ್ತಿ’ಯ ಬೆನ್ನಿಗೇ ಬರುವ ಈ ವಿಶೇಷಣವನ್ನು ರಟ್ಟರು, ಕದಂಬರು, ಸಾಂತರರು ಹೀಗೆ ಹೆಚ್ಚುಕಡಿಮೆ ಎಲ್ಲ ಮಾಂಡಲಿಕ ಮನೆತನಗಳೂ ಧರಿಸಿವೆ. ಎಷ್ಟು ಶಾಸನಗಳನ್ನು ಓದಿದರೂ ಅದು ಅದೇ ರೂಪದಲ್ಲಿ ನಿಂತಿರುವುದರಿಂದ ಕಣ್ಣು ಅದನ್ನು ದಾಟಿ ಅರಸನ ಹೆಸರಿಗೆ, ದತ್ತಿಯ ವಿವರಕ್ಕೆ, ಶಕವರ್ಷಕ್ಕೆ ಹೋಗಿಬಿಡುತ್ತದೆ. ಅರ್ಥ ಕೇಳಿದಾಗ ‘ಐದು ಮಹಾಬಿರುದುಗಳನ್ನು ಪಡೆದವನು’ ಎಂದರೂ ‘ಐದು ವಾದ್ಯಗಳ ಗೌರವವನ್ನು ಪಡೆದವನು’ ಎಂದರೂ ಪರೀಕ್ಷಕರು ಒಪ್ಪಿಕೊಳ್ಳುತ್ತಾರೆ. ದಿನೇಶಚಂದ್ರ ಸರ್ಕಾರರ ಶಾಸನ ಪದಕೋಶ (1966) ಸಹ ಎರಡೂ ಅರ್ಥಗಳಿಗೆ ಜಾಗ ಕೊಟ್ಟಿದೆ. ಕೋಶಕಾರನಿಗೆ ಇಂಥ ಔದಾರ್ಯ ಸಲ್ಲುತ್ತದೆ. ಅವನು ಇಡೀ ಭಾರತದ ಶಾಸನಗಳನ್ನು ಎದುರಿಗಿಟ್ಟುಕೊಂಡಿರುತ್ತಾನೆ. ಆದರೆ ಕನ್ನಡ ವಿಭಾಗಗಳು ಅದೇ ಔದಾರ್ಯವನ್ನು ನೆಚ್ಚಿ ಕುಳಿತುಕೊಳ್ಳುವುದು ಸರಿಯಲ್ಲ. ಕನ್ನಡ ನಾಡಿನ ಮಟ್ಟಿಗೆ ಇದು ಸಂಗೀತದ ಪದ. ಅದನ್ನು ಬಿರುದಿನ ಪದವೆಂದು ಓದಿದಾಗ ಕಳೆದುಹೋಗುವುದು ಒಂದು ಅರ್ಥ ಮಾತ್ರವಲ್ಲ, ಆ ವಾದ್ಯಗಳನ್ನು ಊದಿದ, ಬಾರಿಸಿದ ಜನರೂ ಕಣ್ಮರೆಯಾಗುತ್ತಾರೆ.

ಈ ವಿಚಾರಕ್ಕೆ ಕಾಶಿಯ ಭೇಲೂಪುರದಿಂದ ಹೊರಡುವುದು ಸುತ್ತುದಾರಿಯೆಂದು ತೋರಬಹುದು. ವಾರಾಣಸಿಯ ದಕ್ಷಿಣ ಭಾಗದ ಈ ಬಡಾವಣೆ ಜೈನಪರಂಪರೆಯಲ್ಲಿ ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥನ ಜನ್ಮಸ್ಥಳ. ದಿಗಂಬರರೂ ಶ್ವೇತಾಂಬರರೂ ಇಲ್ಲಿ ಜಿನಾಲಯಗಳನ್ನು ಕಟ್ಟಿಕೊಂಡಿದ್ದಾರೆ. ಏಳನೆಯ ತೀರ್ಥಂಕರ ಸುಪಾರ್ಶ್ವನಾಥನ ಜನ್ಮಸ್ಥಳವೆನ್ನುವ ಭದೈನಿ ಅಲ್ಲಿಂದ ದೂರವಿಲ್ಲ. 1905ರಲ್ಲಿ ಗಣೇಶಪ್ರಸಾದ ವರ್ಣಿಯವರ ಪ್ರಯತ್ನದಿಂದ ಆರಂಭವಾದ ಸ್ಯಾದ್ವಾದ ಮಹಾವಿದ್ಯಾಲಯವಿರುವುದು ಅಲ್ಲಿಯೇ. ಕಾಶಿಯಲ್ಲಿ 1944ರಲ್ಲಿ ಸ್ಥಾಪಿತವಾದ ಭಾರತೀಯ ಜ್ಞಾನಪೀಠವು, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡವೋಲೆ ಗ್ರಂಥಗಳ ಸೂಚಿಯನ್ನು 1948ರಲ್ಲಿ ಪ್ರಕಟಿಸಿತು. ಮೂಡಬಿದಿರೆಯ ಓಲೆಗರಿಗಳ ಲೆಕ್ಕ ಗಂಗೆಯ ದಡದಲ್ಲಿ ಅಚ್ಚಾಯಿತೆಂಬುದು ಕನ್ನಡ ಜೈನಸಾಹಿತ್ಯಕ್ಕೂ ಆ ಊರಿಗೂ ಇರುವ ನಂಟಿಗೆ ಸಾಕಷ್ಟು ಸಾಕ್ಷಿ.

ಜೈನಪುರಾಣಗಳು ತೀರ್ಥಂಕರನ ಜನ್ಮಕಲ್ಯಾಣವನ್ನು ವರ್ಣಿಸುವಾಗ ಒಂದು ನಿಯತವಾದ ಕ್ರಮವನ್ನು ಪಾಲಿಸುತ್ತವೆ. ಶಿಶು ಹುಟ್ಟಿದ ಕ್ಷಣದಲ್ಲಿ ಭವನವಾಸಿ ದೇವತೆಗಳ ಲೋಕದಲ್ಲಿ ಶಂಖ, ವ್ಯಂತರರ ನೆಲೆಗಳಲ್ಲಿ ಭೇರಿ, ಜ್ಯೋತಿಷ್ಕರಲ್ಲಿ ಸಿಂಹನಾದ, ಕಲ್ಪವಾಸಿಗಳಲ್ಲಿ ಘಂಟೆ—ಇವು ಯಾರೂ ನುಡಿಸದೆ ತಾವಾಗಿಯೇ ಮೊಳಗುತ್ತವೆ. ದೇವೇಂದ್ರನ ಆಸನ ಕಂಪಿಸುತ್ತದೆ. ಮೇರುವಿನ ಮೇಲಿನ ಅಭಿಷೇಕಕ್ಕೆ ಸಿದ್ಧತೆ ನಡೆಯುತ್ತದೆ. ಪುರಾಣದ ಕಲ್ಪನೆಯಂತೆ ಭೇಲೂಪುರದಲ್ಲಿ ಮೊದಲು ಕೇಳಿದ ಸಂಗೀತ ಇದು. ಈ ನಾಲ್ಕರಲ್ಲಿ ಸಿಂಹನಾದವನ್ನು ಬಿಟ್ಟರೆ ಉಳಿದ ಮೂರೂ ವಾದ್ಯಗಳ ದನಿಗಳೇ. ಆ ಮೂರೂ ಮುಂದೆ ನೋಡಲಿರುವ ಪಂಚಮಹಾಶಬ್ದದ ಪಟ್ಟಿಯಲ್ಲಿ ಸೇರಿವೆ ಎಂಬುದನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳಬೇಕು.

ಭೇಲೂಪುರದ ಜಿನನಿಗೂ ಕನ್ನಡ ಮಾಂಡಲಿಕರಿಗೂ ಸಂಬಂಧ ಕಲ್ಪಿಸಲು ಬಹಳ ಹುಡುಕಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಂಬುಜ ಪಾರ್ಶ್ವನಾಥನ ಯಕ್ಷಿಯಾದ ಪದ್ಮಾವತಿಯ ಕ್ಷೇತ್ರ. ಅಲ್ಲಿ ಆಳಿದ ಸಾಂತರರು ತಮ್ಮ ಶಾಸನಗಳಲ್ಲಿ ಪದ್ಮಾವತಿಯ ವರಪ್ರಸಾದವನ್ನು ಪಡೆದವರೆಂದು ಹೇಳಿಕೊಂಡಂತೆಯೇ ಪಂಚಮಹಾಶಬ್ದವನ್ನು ಪಡೆದವರೆಂದೂ ಹೇಳಿಕೊಂಡರು. ಒಂದು ದೇವತೆಯಿಂದ ಬಂದದ್ದು, ಇನ್ನೊಂದು ಚಕ್ರವರ್ತಿಯಿಂದ ಬಂದದ್ದು. ಇನ್ನು ಸವದತ್ತಿಯ ರಟ್ಟರು: ನಾಲ್ಕನೆಯ ಕಾರ್ತವೀರ್ಯನ ಆಸ್ಥಾನದಲ್ಲಿದ್ದ ಪಾರ್ಶ್ವಪಂಡಿತ ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ‘ಪಾರ್ಶ್ವನಾಥಪುರಾಣ’ವೆಂಬ ಚಂಪುವನ್ನು ರಚಿಸಿದನು. ಕಾಶಿಯಲ್ಲಿ ಹುಟ್ಟಿದವನ ಕಥೆಯನ್ನು ಕನ್ನಡದಲ್ಲಿ ಹೇಳಿದ ಈ ಕವಿಯ ಒಡೆಯರ ಪ್ರಶಸ್ತಿಯನ್ನು ಗಮನಿಸಬೇಕು. ಅದರಲ್ಲಿ ‘ಸಮಧಿಗತಪಂಚಮಹಾಶಬ್ದ ಮಹಾಮಂಡಲೇಶ್ವರ’ ಎಂಬುದರ ಮುಂದೆ ಲತ್ತಲೂರಿನ ಒಡೆತನ ಬರುತ್ತದೆ, ‘ತ್ರಿವಳೀತೂರ್ಯನಿರ್ಘೋಷಣ’ ಎಂಬ ಬಿರುದು ಬರುತ್ತದೆ, ಸಿಂಧೂರ ಲಾಂಛನ ಬರುತ್ತದೆ, ಸುವರ್ಣಗರುಡಧ್ವಜ ಬರುತ್ತದೆ. ಊರು, ದನಿ, ಗುರುತು, ಬಾವುಟ—ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಸ್ತುಗಳು. ಕದಂಬರ ಪ್ರಶಸ್ತಿಯಲ್ಲಿ ತ್ರಿವಳಿಯ ಜಾಗದಲ್ಲಿ ‘ಪೆರ್ಮಟ್ಟಿ’ ಎಂಬ ತೂರ್ಯವಿದೆ. ಇಂಥ ವಸ್ತುಗಳ ಸಾಲಿನ ತಲೆಯಲ್ಲಿ ನಿಂತ ಪಂಚಮಹಾಶಬ್ದ ಮಾತ್ರ ಕೇಳಿಸದ ಶಬ್ದವಾಗಿರಬೇಕೆಂದು ಏಕೆ ಊಹಿಸಬೇಕು?

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಪಂಚಮಹಾಶಬ್ದವೆಂದರೆ ವಾದ್ಯಗಳೇ ಆಗಿದ್ದರೆ, ಅದೇ ಪ್ರಶಸ್ತಿಯಲ್ಲಿ ತ್ರಿವಳಿಯನ್ನೋ ಪೆರ್ಮಟ್ಟಿಯನ್ನೋ ಮತ್ತೆ ಹೇಳಬೇಕಾದ ಅಗತ್ಯವೇನು? ಇದು ಪುನರುಕ್ತಿಯಲ್ಲವೇ? ಅಲ್ಲವೆಂದೇ ತೋರುತ್ತದೆ. ತ್ರಿವಳಿ ರಟ್ಟರದು, ಪೆರ್ಮಟ್ಟಿ ಕದಂಬರದು. ಇವು ಕುಲಕ್ಕೆ ಸೇರಿದ ವಾದ್ಯಗಳು. ಲಾಂಛನದಂತೆ, ಧ್ವಜದಂತೆ, ಇವು ಮನೆತನದಿಂದ ಮನೆತನಕ್ಕೆ ಬೇರೆಯಾಗುತ್ತವೆ. ಪಂಚಮಹಾಶಬ್ದ ಹಾಗಲ್ಲ, ಅದು ಎಲ್ಲ ಮಾಂಡಲಿಕರಿಗೂ ಸಮಾನ. ಏಕೆಂದರೆ ಅದು ಕುಲದಿಂದ ಬಂದುದಲ್ಲ, ಸಾರ್ವಭೌಮನಿಂದ ಬಂದುದು. ‘ಸಮಧಿಗತ’ ಎಂಬ ಪೂರ್ವಪದವೇ ಇದನ್ನು ಹೇಳುತ್ತದೆ. ಕದಂಬನೊಬ್ಬನು ತಾನು ಪೆರ್ಮಟ್ಟಿಯನ್ನು ಪಡೆದೆನೆಂದು ಹೇಳುವುದಿಲ್ಲ. ಅದು ತನಗಿದೆ ಎನ್ನುತ್ತಾನೆ. ಪಂಚಮಹಾಶಬ್ದವನ್ನು ಮಾತ್ರ ಪಡೆದೆನೆನ್ನುತ್ತಾನೆ. ಒಂದೇ ಪ್ರಶಸ್ತಿಯಲ್ಲಿ ಎರಡು ಬಗೆಯ ದನಿಗಳಿವೆ: ಒಂದು ಮನೆಯದು, ಒಂದು ಮೇಲಿನಿಂದ ಬಂದದ್ದು.

ಬಿರುದಿನ ಪಕ್ಷಕ್ಕೆ ಮುಖ್ಯ ಆಧಾರ ಕಾಶ್ಮೀರದ್ದು. ಹನ್ನೆರಡನೆಯ ಶತಮಾನದ ಕಲ್ಹಣ ‘ರಾಜತರಂಗಿಣಿ’ಯಲ್ಲಿ, ಲಲಿತಾದಿತ್ಯನು ಹಳೆಯ ಹದಿನೆಂಟು ಅಧಿಕಾರಸ್ಥಾನಗಳ ಮೇಲೆ ಇನ್ನೈದನ್ನು ಸೃಷ್ಟಿಸಿದನೆಂದು ಹೇಳುತ್ತಾನೆ. ಮಹಾಪ್ರತೀಹಾರ, ಮಹಾಸಂಧಿವಿಗ್ರಹ, ಮಹಾಶ್ವಶಾಲೆ, ಮಹಾಭಾಂಡಾಗಾರ, ಮಹಾಸಾಧನಭಾಗ—ಇವು ಆ ಐದು. ‘ಮಹಾ’ ಎಂಬ ಶಬ್ದದಿಂದ ಆರಂಭವಾಗುವ ಐದು ಪದವಿಗಳು, ಆದ್ದರಿಂದ ಪಂಚಮಹಾಶಬ್ದ. ಇದು ನಿಸ್ಸಂದಿಗ್ಧವಾಗಿದೆ. ಇದರ ಜೊತೆಗೆ ವಲಭಿಯ ಮೈತ್ರಕ ಅರಸು ಮೊದಲನೆಯ ಧ್ರುವಸೇನನ ಆರನೆಯ ಶತಮಾನದ ತಾಮ್ರಪಟಗಳಲ್ಲಿ ಮಹಾಸಾಮಂತ, ಮಹಾಪ್ರತೀಹಾರ, ಮಹಾದಂಡನಾಯಕ ಮೊದಲಾದ ‘ಮಹಾ’ಗಳು ಸಾಲಾಗಿ ನಿಂತಿರುವುದನ್ನೂ ಎತ್ತಿ ತೋರಿಸುತ್ತಾರೆ. ಸಂಸ್ಕೃತದಲ್ಲಿ ‘ಶಬ್ದ’ವೆಂದರೆ ದನಿಯೂ ಹೌದು, ಪದವೂ ಹೌದು, ವ್ಯಾಕರಣವನ್ನು ಶಬ್ದಶಾಸ್ತ್ರವೆನ್ನುವ ಭಾಷೆಯಲ್ಲಿ ಬಿರುದನ್ನು ಶಬ್ದವೆಂದರೆ ತಪ್ಪೇನೂ ಇಲ್ಲ.

ತಪ್ಪಾಗುವುದು ಆ ಅರ್ಥವನ್ನು ಝೇಲಂ ನದಿಯ ಕಣಿವೆಯಿಂದ ಮಲಪ್ರಭೆಯ ದಂಡೆಗೆ ಹಾಗೆಯೇ ಹೊತ್ತು ತಂದಾಗ. ಕನ್ನಡ ನಾಡಿನ ಮಹಾಮಂಡಲೇಶ್ವರನಿಗೆ ಐದು ‘ಮಹಾ’ಗಳು ಎಲ್ಲಿವೆ? ಬಹುಮಟ್ಟಿಗೆ ಇರುವುದು ಒಂದೇ—ಮಹಾಮಂಡಲೇಶ್ವರ. ಅವನು ಕುದುರೆಲಾಯದ ಅಧಿಕಾರಿಯೂ ಅಲ್ಲ, ಭಂಡಾರದ ಅಧಿಕಾರಿಯೂ ಅಲ್ಲ; ತನ್ನ ಸೀಮೆಯ ಒಡೆಯ. ದಂಡನಾಯಕರೂ ಈ ವಿಶೇಷಣವನ್ನು ಧರಿಸಿದ್ದುಂಟು. ಅಲ್ಲಿಯೂ ಮಹಾಸಾಮಂತಾಧಿಪತಿ, ಮಹಾಪ್ರಚಂಡದಂಡನಾಯಕ ಎಂಬ ಎರಡು ಬಿರುದುಗಳು ಕೂಡಿದರೆ ಹೆಚ್ಚು. ಐದನ್ನು ತುಂಬಲು ಉಳಿದ ಮೂರನ್ನು ಕಾಶ್ಮೀರದಿಂದ ಸಾಲ ತರಬೇಕಾಗುತ್ತದೆ.

ಕನ್ನಡದ ಒಳಗಿನ ಸಾಕ್ಷ್ಯವೇ ಇಲ್ಲದಿದ್ದರೆ ಹೊರಗಿನದನ್ನು ಆಶ್ರಯಿಸುವುದು ಅನಿವಾರ್ಯವಾಗುತ್ತಿತ್ತು. ಆದರೆ ಒಳಗಿನ ಸಾಕ್ಷ್ಯ ಇದೆ, ಮತ್ತು ಅದು ಹೊಸದಾಗಿ ಸಿಕ್ಕಿದ್ದೇನೂ ಅಲ್ಲ. ಕೆ.ಬಿ. ಪಾಠಕರು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿಯೇ ‘ಇಂಡಿಯನ್ ಆಂಟಿಕ್ವೆರಿ’ಯ ಪುಟಗಳಲ್ಲಿ ಇದನ್ನು ಮುಂದಿಟ್ಟರು, ಜಾನ್ ಫ್ಲೀಟರು ಗುಪ್ತಶಾಸನಗಳ ಸಂಪುಟದಲ್ಲಿ ಈ ಪದದ ಮೇಲೆ ದೀರ್ಘವಾದ ಟಿಪ್ಪಣಿ ಬರೆದಾಗ ಅದನ್ನು ಬಳಸಿಕೊಂಡರು. ಪಾಠಕರು ಕರೆದ ಸಾಕ್ಷಿಗಳು ಇಬ್ಬರು. ಒಬ್ಬ ಜೈನ ಲೇಖಕ, ಅವರು ರೇವಾಕೋಟ್ಯಾಚಾರ್ಯನೆಂದು ಹೆಸರಿಸಿದವನು; ವಡ್ಡಾರಾಧನೆಯ ವಿಚಾರದಲ್ಲಿ ಶಿವಕೋಟ್ಯಾಚಾರ್ಯನೆಂಬ ಹೆಸರಿನೊಡನೆ ಸೇರಿಕೊಂಡು ಬಹುಕಾಲ ಚರ್ಚೆಗೆ ಕಾರಣವಾದ ಹೆಸರು ಇದೇ. ಇನ್ನೊಂದು ಸಾಕ್ಷಿ ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’. ತನ್ನ ಕಾಲದ ಶಾಸ್ತ್ರಗಳನ್ನೆಲ್ಲ ಕನ್ನಡದಲ್ಲಿ ಒಟ್ಟುಮಾಡಿದ ಆ ವಿಶ್ವಕೋಶದಲ್ಲಿ ಪಂಚಮಹಾಶಬ್ದಗಳ ಎಣಿಕೆ ಸ್ಪಷ್ಟವಾಗಿದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಜೈನನೂ ವೀರಶೈವನೂ ಒಪ್ಪುವ ಅರ್ಥವನ್ನು ಕನ್ನಡ ಶಾಸನಗಳ ಮೇಲೆ ಹೇರಿದ ಅರ್ಥವೆನ್ನಲಾಗದು. ನಿಜಗುಣರ ಕಾಲ ರಟ್ಟರ ಕಾಲಕ್ಕಿಂತ ಈಚಿನದು ಎಂಬ ಮಾತು ನಿಜ. ಆದರೆ ಕಲ್ಹಣನೂ ಲಲಿತಾದಿತ್ಯನಿಗಿಂತ ನಾಲ್ಕು ಶತಮಾನ ಈಚಿನವನೇ. ಈಚಿನವನೆಂಬ ಕಾರಣಕ್ಕೆ ಒಬ್ಬನನ್ನು ಬಿಡುವುದಾದರೆ ಇನ್ನೊಬ್ಬನನ್ನೂ ಬಿಡಬೇಕಾಗುತ್ತದೆ.

ಮತ್ತೆ ಕಾಶಿಯ ಕಡೆಗೆ ಒಮ್ಮೆ ತಿರುಗಬಹುದು. ಭೇಲೂಪುರದಿಂದ ಗಂಗೆಯ ಕಡೆಗೆ ನಡೆದರೆ ಅಸ್ಸಿ, ಅದರ ಪಕ್ಕದಲ್ಲಿ ತುಲಸೀಘಾಟ್. ತುಲಸೀದಾಸರು ವಾಸವಾಗಿದ್ದು 1623ರಲ್ಲಿ ದೇಹ ಬಿಟ್ಟದ್ದು ಇಲ್ಲೆಂದು ಪ್ರತೀತಿ. ‘ರಾಮಚರಿತಮಾನಸ’ದ ಬಾಲಕಾಂಡದ ಮದುವೆಯ ಸಂಭ್ರಮದಲ್ಲಿ ಅವರು ‘ಪಂಚಶಬ್ದ’ದ ಪ್ರಸ್ತಾಪ ಮಾಡಿದ್ದಾರೆ. ಆ ಕಾವ್ಯವನ್ನು ಇಂಗ್ಲಿಷಿಗೆ ಅನುವಾದಿಸಿದ ಎಫ್.ಎಸ್. ಗ್ರೌಸ್ ಶಾಸನದ ಪದಕ್ಕೆ ಇದನ್ನು ಹೋಲಿಸಿ, ಆ ಐದನ್ನು ತಂತ್ರಿ, ತಾಳ, ಝಾಂಜ್, ನಗಾರಿ ಮತ್ತು ತುತ್ತೂರಿಯೆಂದು ವಿವರಿಸಿದರು. ಪಟ್ಟಿ ನಿಜಗುಣರದಕ್ಕಿಂತ ಬೇರೆ. ಇಲ್ಲಿ ತಂತಿವಾದ್ಯ ಸೇರಿಕೊಂಡಿದೆ, ಶಂಖ ಬಿಟ್ಟುಹೋಗಿದೆ. ಆದರೆ ತತ್ತ್ವ ಒಂದೇ: ಮಂಗಳಕಾರ್ಯದಲ್ಲಿ ಕೂಡಿ ಮೊಳಗುವ ಐದು ಬಗೆಯ ದನಿಗಳು. ಸಾರನಾಥದ ಬೌದ್ಧರ ಪಾಲಿ ಗ್ರಂಥಗಳಲ್ಲಿಯೂ ‘ಪಂಚಾಂಗಿಕ ತುರಿಯ’ ಉಂಟು. ಆತತ, ವಿತತ, ಆತತವಿತತ, ಘನ, ಸುಷಿರ ಎಂಬ ಐದು ಅಂಗಗಳು ಅದಕ್ಕೆ. ಭರತನು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿದರೂ ಲೋಕವ್ಯವಹಾರ ಐದನ್ನೇ ಹಿಡಿದುಕೊಂಡಿತು. ಕೇರಳದ ಪಂಚವಾದ್ಯದಲ್ಲಿ ತಿಮಿಲ, ಮದ್ದಳೆ, ಇಲತ್ತಾಳ, ಇಡಕ್ಕ, ಕೊಂಬು ಇಂದಿಗೂ ಕೂಡಿ ನುಡಿಯುತ್ತವೆ. ಹೀಗೆ ಊರೂರಿಗೆ ವಾದ್ಯ ಬದಲಾಗಿದೆ, ಐದೆಂಬ ಸಂಖ್ಯೆ ಉಳಿದಿದೆ. ಗುಜರಾತಿನ ರಾಷ್ಟ್ರಕೂಟ ಶಾಖೆಯ ತಾಮ್ರಪಟಗಳಲ್ಲಿ ‘ಪಂಚ’ದ ಜಾಗದಲ್ಲಿ ‘ಅಶೇಷ’ ಎಂಬ ಪದವೇ ಬಂದು ‘ಸಮಧಿಗತಾಶೇಷಮಹಾಶಬ್ದ’ವಾಗಿರುವುದನ್ನು ನೋಡಿದರೆ, ಐದು ಎಂಬುದು ಎಣಿಕೆಗಿಂತ ಹೆಚ್ಚಾಗಿ ‘ಎಲ್ಲ’ ಎಂಬುದರ ಇನ್ನೊಂದು ಹೆಸರಾಗಿತ್ತೇನೋ ಎನಿಸುತ್ತದೆ.

ಸರ್ ವಾಲ್ಟರ್ ಎಲಿಯಟ್ ಇನ್ನೊಂದು ದಾರಿ ಹಿಡಿದಿದ್ದರು. ಗುಲ್ಬರ್ಗದ ಬಹಮನಿ ಸುಲ್ತಾನ ಮಹಮ್ಮದ್ ಷಾ ದಿನಕ್ಕೆ ಐದು ಸಲ ನೌಬತ್ ಬಾರಿಸಲು ಆಜ್ಞೆ ಮಾಡಿದನೆಂಬ ಫೆರಿಷ್ತಾನ ಹೇಳಿಕೆಯನ್ನು ಅವರು ಆಧಾರವಾಗಿಟ್ಟುಕೊಂಡರು. ಐದು ವಾದ್ಯಗಳಲ್ಲ, ಐದು ವೇಳೆಗಳು ಎಂಬುದು ಇದರ ಇಂಗಿತ. ಹದಿನಾಲ್ಕನೆಯ ಶತಮಾನದ ಸುಲ್ತಾನನ ಆಜ್ಞೆಯಿಂದ ಎಂಟನೆಯ ಶತಮಾನದ ಸಾಮಂತನ ಬಿರುದನ್ನು ಬಿಡಿಸುವುದು ಒಪ್ಪುವಂಥದಲ್ಲ. ಆದರೂ ಎಲಿಯಟರ ಊಹೆಯಲ್ಲಿ ಒಂದು ಒಳ್ಳೆಯ ಸುಳಿವಿದೆ. ನೌಬತ್ ಎಂಬ ಪದಕ್ಕೆ ಮೂಲದಲ್ಲಿ ‘ಸರದಿ, ಪಾಳಿ’ ಎಂದು ಅರ್ಥ. ಪಾಳಿ ಬದಲಾದಾಗ ಅರಮನೆಯ ಬಾಗಿಲಲ್ಲಿ ಬಾರಿಸುತ್ತಿದ್ದ ನಗಾರಿಗೆ, ಅದರೊಡನೆ ಊದುತ್ತಿದ್ದ ಶಹನಾಯಿಗೆ, ಕೊನೆಗೆ ಆ ಇಡೀ ಮೇಳಕ್ಕೆ ಅದೇ ಹೆಸರಾಯಿತು. ಕಾಶಿಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ವಿಶ್ವನಾಥನ ಗುಡಿಯ ಮುಂದೆ ಒಂದು ನೌಬತ್‌ಖಾನೆಯನ್ನು ಕಟ್ಟಿಸಲಾಯಿತು; ಅರಸನ ಬಾಗಿಲಿನ ಮರ್ಯಾದೆ ದೇವರ ಬಾಗಿಲಿಗೂ ಸಂದಿತು. ಉಸ್ತಾದ್ ಬಿಸ್ಮಿಲ್ಲಾ ಖಾನರ ಸೋದರಮಾವ ಅಲಿ ಬಕ್ಷ್ ವಿಶ್ವನಾಥನ ಸೇವೆಯಲ್ಲಿ ಶಹನಾಯಿ ನುಡಿಸುತ್ತಿದ್ದವರು. ಬಾಗಿಲಲ್ಲಿ ಕುಳಿತು ಊದುವ ಆ ವಾದ್ಯ ಬಿಸ್ಮಿಲ್ಲಾ ಖಾನರ ಕೈಯಲ್ಲಿ ಕಚೇರಿಯ ವೇದಿಕೆಯನ್ನು ಏರಿತು. 2001ರಲ್ಲಿ ಅವರಿಗೆ ಭಾರತರತ್ನ ಬಂತು.

ಕನ್ನಡದಲ್ಲಿ ಇದೇ ಬಗೆಯ ಪಯಣ ಮಾಡಿದ ಪದ ‘ಓಲಗ’. ಹಳಗನ್ನಡದಲ್ಲಿ ಓಲಗವೆಂದರೆ ಸೇವೆ, ಓಲಗಿಸುವುದೆಂದರೆ ಸೇವಿಸುವುದು. ಅರಸನನ್ನು ಸಾಮಂತರೂ ಪರಿವಾರದವರೂ ಸೇವಿಸುವ ಸಭೆ ಒಡ್ಡೋಲಗ. ಆ ಸಭೆಯಲ್ಲಿ ಮೊಳಗುತ್ತಿದ್ದ ವಾದ್ಯಮೇಳಕ್ಕೆ ಸಭೆಯ ಹೆಸರೇ ಅಂಟಿಕೊಂಡಿತು. ಸಭೆ ಹೋಯಿತು, ಅರಸನೂ ಹೋದನು. ಊದುವ ಮೇಳ ಮಾತ್ರ ಹಳೆಯ ಮೈಸೂರಿನ ಮದುವೆಮನೆಗಳಲ್ಲಿ ಓಲಗವೆಂದೇ ಉಳಿಯಿತು. ಕೊಡಗಿನಲ್ಲಿ ಅದು ವಾಲಗ. ಅದರ ಗತ್ತಿಗೆ ಕುಣಿಯದೆ ಕೊಡವರ ಮದುವೆ ಮುಗಿಯುವುದಿಲ್ಲ. ‘ಓಲಗದವರು’ ಎಂದಾಗ ಇಂದು ಯಾರಿಗೂ ಸಾಮಂತರ ನೆನಪಾಗುವುದಿಲ್ಲ. ಒಡ್ಡೋಲಗದಲ್ಲಿ ರತ್ನಗಂಬಳಿಯ ಮೇಲೆ ಕುಳಿತವರ ಹೆಸರು ಚಪ್ಪರದ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತವರಿಗೆ ಬಂದದ್ದು ಭಾಷೆ ತಾನಾಗಿ ಮಾಡಿದ ಕೆಲಸ. ಅಲಂಕಾರಿಕರು ಇದಕ್ಕೆ ಲಕ್ಷಣೆ ಎಂದು ಹೆಸರಿಟ್ಟು ಸುಮ್ಮನಾಗಬಹುದು.

ಪಂಚಮಹಾಶಬ್ದಕ್ಕೆ ಇಂಥ ಜೀವಂತ ಮುಂದುವರಿಕೆ ಸಿಗಲಿಲ್ಲ. ಪದ ಶಾಸನದಲ್ಲಿಯೇ ನಿಂತುಹೋಯಿತು. ಆದರೆ ಅದರೊಳಗಿನ ಐದು ವಾದ್ಯಗಳು ನಿಲ್ಲಲಿಲ್ಲ. ನಿಜಗುಣರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕರ್ನಾಟಕದ ಯಾವುದಾದರೂ ಹಳ್ಳಿಯಲ್ಲಿ ಹುಡುಕಿದರೆ ಐದೂ ಸಿಗುತ್ತವೆ. ಶೃಂಗವೆಂದರೆ ಕೊಂಬು, ಜಾತ್ರೆಯಲ್ಲಿ ಕಹಳೆಯೊಡನೆ ಕೂಗುತ್ತದೆ. ಭೇರಿ ನಗಾರಿಯಾಗಿ ಗುಡಿಯ ಮೊಗಸಾಲೆಯಲ್ಲಿ ಕುಳಿತಿದೆ. ಜಯಘಂಟೆ ನಾಲಗೆಯಲ್ಲಿ ಸವೆದು ಜೇಗಂಟೆಯಾಗಿ, ಜಾಗಟೆಯಾಗಿ, ಶಂಖದ ಜೊತೆಗೂಡಿ ದಾಸಯ್ಯನ ಕೈ ಸೇರಿತು. ಶನಿವಾರ ಬೆಳಗ್ಗೆ ಮನೆಯ ಮುಂದೆ ನಿಂತು ಶಂಖ ಊದಿ ಜಾಗಟೆ ಬಡಿದು ಭವನಾಶಿ ಚಾಚುವ ದಾಸಯ್ಯ, ಮಹಾಮಂಡಲೇಶ್ವರನು ಚಕ್ರವರ್ತಿಯಿಂದ ಪಡೆದ ಐದರಲ್ಲಿ ಎರಡನ್ನು ಹೆಗಲಿಗೆ ತೂಗುಹಾಕಿಕೊಂಡು ಬರುತ್ತಾನೆ. ಅವನಿಗಾಗಲಿ ಅಕ್ಕಿ ನೀಡುವ ಗೃಹಿಣಿಗಾಗಲಿ ಇದು ತಿಳಿಯಬೇಕಾಗಿಲ್ಲ. ಶಾಸನ ಓದಿದವರಿಗಂತೂ ತಿಳಿದಿರಬೇಕು.

ಉಳಿದದ್ದು ತಮ್ಮಟ. ಇಲ್ಲಿ ಸ್ವಲ್ಪ ನಿಲ್ಲಬೇಕು. ತಮ್ಮಟವೆಂದರೆ ಇಂದಿನ ತಮಟೆ. ದುಂಡನೆಯ ಚೌಕಟ್ಟಿಗೆ ಚರ್ಮವನ್ನು ಬಿಗಿದು, ಬೆಂಕಿಯ ಕಾವಿಗೆ ಹಿಡಿದು ಶ್ರುತಿಗೆ ತಂದು, ಎರಡು ಕಡ್ಡಿಗಳಿಂದ ಬಾರಿಸುವ ವಾದ್ಯ. ಉತ್ತರದಲ್ಲಿ ಹಲಗೆ. ನಿಜಗುಣರ ಪಟ್ಟಿಯಲ್ಲಿ ಅದು ಶಂಖದ ಪಕ್ಕದಲ್ಲಿ, ಶಂಖಕ್ಕಿಂತ ಮೊದಲು ನಿಂತಿದೆ. ಸಮಾಜದಲ್ಲಿ ಹಾಗೆ ನಿಲ್ಲಲಿಲ್ಲ. ಶಂಖ ಗರ್ಭಗುಡಿಯನ್ನು ಸೇರಿತು. ಶಂಖದಿಂದ ಬಂದರೇ ತೀರ್ಥವೆಂಬ ಗಾದೆಯೇ ಹುಟ್ಟಿತು. ತಮಟೆ ಊರಹೊರಗಿನ ಕೇರಿಯಲ್ಲಿ ಉಳಿಯಿತು. ಜಾತ್ರೆಯಲ್ಲಿ, ಶವಯಾತ್ರೆಯಲ್ಲಿ, ಡಂಗುರ ಸಾರುವಾಗ ಅದನ್ನು ಬಾರಿಸುವುದು ದಲಿತರ ಮೇಲೆ ಹೊರಿಸಿದ ಊಳಿಗವಾಯಿತು. ದೇವರ ಮೆರವಣಿಗೆಯ ಮುಂದೆ ತಮಟೆ ಬೇಕು, ಬಾರಿಸುವವನಿಗೆ ಗುಡಿಯೊಳಗೆ ಪ್ರವೇಶ ಬೇಡ ಎಂಬ ವ್ಯವಸ್ಥೆ ಎಷ್ಟೋ ಹಳ್ಳಿಗಳಲ್ಲಿ ನಡೆದುಬಂತು. ಕಳೆದ ಶತಮಾನದ ಎಪ್ಪತ್ತರ ದಶಕದಿಂದ ಈಚೆಗೆ ದಲಿತ ಚಳವಳಿಯ ಪ್ರಭಾವದಿಂದ ಅನೇಕ ಕಡೆ ಈ ಊಳಿಗವನ್ನು ನಿರಾಕರಿಸಿದರು. ಇನ್ನು ಕೆಲವು ಕಡೆ ಅದೇ ತಮಟೆಯನ್ನು ಜಾಥಾಗಳ ಮುಂದೆ ಹಿಡಿದು ಹೋರಾಟದ ದನಿಯಾಗಿಸಿದರು. ಎರಡೂ ಒಂದೇ ವಾದ್ಯಕ್ಕೆ ದೊರೆತ ಉತ್ತರಗಳು. ಯಾವುದು ಸರಿಯೆಂದು ಹೊರಗಿನವರು ತೀರ್ಪು ಕೊಡುವ ವಿಷಯವಲ್ಲ.

ಪಂಚಮಹಾಶಬ್ದವನ್ನು ಐದು ಬಿರುದುಗಳೆಂದು ಅನುವಾದಿಸಿದಾಗ ಈ ಇಡೀ ಚರಿತ್ರೆ ಒಂದೇ ಗುಕ್ಕಿಗೆ ಮಾಯವಾಗುತ್ತದೆ. ವಾದ್ಯಗಳೆಂದು ಓದಿದರೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಬಾರಿಸಿದವರು ಯಾರು? ಬಿರುದನ್ನು ಹೊರಲು ಅರಸನೊಬ್ಬನೇ ಸಾಕು. ಭೇರಿಯನ್ನು ಹೊರಲು, ಕೊಂಬನ್ನು ಊದಲು, ತಮ್ಮಟವನ್ನು ಕಾಯಿಸಲು ಜನ ಬೇಕು. ‘ಸಮಧಿಗತಪಂಚಮಹಾಶಬ್ದ’ನೆಂದು ಒಬ್ಬ ಸಾಮಂತ ಹೇಳಿಕೊಂಡಾಗ ಅವನ ಹಿಂದೆ ಕಡಿಮೆಯೆಂದರೂ ಐದು ಜನ ನಿಂತಿದ್ದಾರೆ. ಪ್ರಶಸ್ತಿಯಲ್ಲಿ ಅವರ ಹೆಸರಿಲ್ಲ. ಅವರಿಗೆ ಉಂಬಳಿ ಇತ್ತೇ, ಅವರು ಯಾವ ಕೇರ‍ಿಯಲ್ಲಿದ್ದರು, ತಮ್ಮಟದವನೂ ಶಂಖದವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರೇ ಎಂಬ ಪ್ರಶ್ನೆಗಳನ್ನು ಶಾಸನಾಭ್ಯಾಸ ಕೇಳಬೇಕಾಗಿದೆ.

ಕೇಳಿದರೆ ಉತ್ತರಕ್ಕೆ ಆಕರಗಳೇ ಇಲ್ಲವೆನ್ನುವಂತಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಎಂಟನೆಯ ಶತಮಾನದ ಶಾಸನವೊಂದು, ವಿಜಯಾದಿತ್ಯನು ಅಲ್ಲಿಯ ಗಾಂಧರ್ವರಿಗೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ರಾಣಿ ಲೋಕಮಹಾದೇವಿ ಸ್ಥಿರಪಡಿಸಿದಳೆಂದು ದಾಖಲಿಸಿದೆ. ಹಾಡುಗಾರರ ಹಕ್ಕನ್ನು ಕಲ್ಲಿನಲ್ಲಿ ಬರೆಸುವಷ್ಟು ಮುಖ್ಯವೆಂದು ಅರಮನೆ ಭಾವಿಸಿದ ಕಾಲವೊಂದಿತ್ತು. ದೇವಾಲಯಗಳ ದತ್ತಿಶಾಸನಗಳಲ್ಲಿ ಶಂಖ ಊದುವವರಿಗೆ, ವಾದ್ಯ ಬಾರಿಸುವವರಿಗೆ ಬಿಟ್ಟ ಭೂಮಿಯ ಉಲ್ಲೇಖಗಳು ಹರಡಿಕೊಂಡಿವೆ. ಇವನ್ನು ಒಂದೆಡೆ ಕೂಡಿಸಿ, ಮಾಂಡಲಿಕರ ಪ್ರಶಸ್ತಿಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಒಂದು ಡಾಕ್ಟರೇಟ್ ಪ್ರಬಂಧಕ್ಕೆ ಸಾಲುವಷ್ಟಿದೆ. ಅರಸರ ವಂಶಾವಳಿಗಳನ್ನು ಮತ್ತೆ ಮತ್ತೆ ತಿದ್ದುವುದಕ್ಕಿಂತ ಇದು ಉಪಯುಕ್ತವಾದ ಕೆಲಸ.

ಪದದ ಇನ್ನೊಂದು ಮಗ್ಗುಲನ್ನು ಹೇಳದೆ ಬಿಡುವಂತಿಲ್ಲ. ಪಡೆದ ಶಬ್ದವೆಂಬುದು ಹೆಮ್ಮೆಯ ಮಾತಾಗಿ ಕೇಳಿಸಿದರೂ ಅದು ಅಧೀನತೆಯ ಗುರುತು. ಎಲ್ಲೋರದಲ್ಲಿ ದೊರೆತ ಕ್ರಿ.ಶ. 742ರ ತಾಮ್ರಪಟದಲ್ಲಿ ರಾಷ್ಟ್ರಕೂಟ ದಂತಿದುರ್ಗನು ಇನ್ನೂ ಬಾದಾಮಿ ಚಾಲುಕ್ಯರ ಸಾಮಂತ. ಆದ್ದರಿಂದ ಪಂಚಮಹಾಶಬ್ದವನ್ನು ಪಡೆದವನು, ಮಹಾಸಾಮಂತಾಧಿಪತಿ. ಹನ್ನೆರಡು ವರ್ಷಗಳೊಳಗೆ ಸಾಮನಗಡದ ತಾಮ್ರಪಟದಲ್ಲಿ ಅವನು ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಕೊಡುವವನಾದ ಮೇಲೆ ಪಡೆದೆನೆಂದು ಹೇಳಿಕೊಳ್ಳುವ ಹಂಗು ಇರುವುದಿಲ್ಲ. ಚಕ್ರವರ್ತಿಯ ಬಾಗಿಲಲ್ಲಿಯೂ ಭೇರಿ ಮೊಳಗಿತು, ಕೊಂಬು ಕೂಗಿತು. ಆದರೆ ಅದು ಅಪ್ಪಣೆ ಬೇಡದ ದನಿ. ಈ ದೃಷ್ಟಿಯಿಂದ ನೋಡಿದರೆ ಭೇಲೂಪುರದ ಪುರಾಣಕ್ಕೆ ಒಂದು ಹೊಸ ಅರ್ಥ ಕಾಣುತ್ತದೆ. ಅಲ್ಲಿ ಶಂಖ, ಭೇರಿ, ಘಂಟೆಗಳು ಯಾರ ಅಪ್ಪಣೆಯಿಂದಲೂ ಮೊಳಗಲಿಲ್ಲ, ಯಾರೂ ಅವನ್ನು ಕೊಡಮಾಡಲಿಲ್ಲ; ರಾಜ್ಯವನ್ನು ಬಿಟ್ಟುಹೋಗಲಿದ್ದ ಶಿಶುವಿಗಾಗಿ ತಾವಾಗಿ ನುಡಿದವು. ಮಾಂಡಲಿಕರ ಆಶ್ರಯದಲ್ಲಿದ್ದುಕೊಂಡು ಜಿನರ ಜನ್ಮಕಲ್ಯಾಣವನ್ನು ಬರೆದ ಕನ್ನಡ ಕವಿಗಳು ಪಡೆದ ಶಬ್ದಕ್ಕೂ ತಾನಾಗಿ ಬಂದ ಶಬ್ದಕ್ಕೂ ಇರುವ ಅಂತರವನ್ನು ಅರಿಯದವರಲ್ಲ. ತಮ್ಮ ಒಡೆಯನ ಬಾಗಿಲಲ್ಲಿ ದಿನವೂ ಅದನ್ನು ಕೇಳುತ್ತಿದ್ದವರು ಅವರು.

ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ, ಊರಹೊರಗಿನ ವಾದ್ಯವೊಂದಕ್ಕೆ ಮೊತ್ತಮೊದಲಿಗೆ ರಾಜಮರ್ಯಾದೆ ದೊರೆತಂತೆ ಸಂತೋಷಪಟ್ಟವರು ಬಹಳ ಮಂದಿ. ಸಂತೋಷ ಯುಕ್ತವೇ, ‘ಮೊತ್ತಮೊದಲಿಗೆ’ ಎಂಬುದು ಮಾತ್ರ ಪರಿಶೀಲಿಸಬೇಕಾದ ಮಾತು. ತಮ್ಮಟ ಒಂದು ಕಾಲಕ್ಕೆ ಮಹಾಮಂಡಲೇಶ್ವರನ ಹೆಸರಿಗಿಂತ ಮುಂದೆ ನಡೆದ ವಾದ್ಯ. ಅರಸು ಆ ಗೌರವವನ್ನು ವಾದ್ಯದ ಮೂಲಕ ತಾನು ಪಡೆದುಕೊಂಡನು, ಬಾರಿಸಿದವನಿಗೆ ಅದರ ಪಾಲು ಬರಲಿಲ್ಲ. ಕನ್ನಡ ನಿಘಂಟುಗಳ ಮುಂದಿನ ಪರಿಷ್ಕರಣದಲ್ಲಿ ‘ಪಂಚಮಹಾಶಬ್ದ’ದ ಎದುರಿಗೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದನ್ನು ಮೊದಲ ಅರ್ಥವಾಗಿ ಕೊಟ್ಟು, ಕಾಶ್ಮೀರದ ಅರ್ಥವನ್ನು ಅದರ ದೇಶಸಹಿತವಾಗಿ ಎರಡನೆಯದಾಗಿ ಕೊಡಬೇಕು. ‘ತಮಟೆ’ಯ ಎದುರಿಗೂ ‘ಪಂಚಮಹಾಶಬ್ದಗಳಲ್ಲಿ ಒಂದು’ ಎಂಬ ಮಾತನ್ನು ಸೇರಿಸಬೇಕು. ಅದಕ್ಕೆ ತಗಲುವುದು ಒಂದು ಸಾಲಿನ ಜಾಗ.